ಗಂಧದ ವಾಸನೆಯ ಕೋವಿ

ಚುನಾವಣೆ ಬಂತೆಂದರೆ ನಮ್ಮ ತಾಲ್ಲೂಕಿನ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಮಲಗಬೇಕು. ಎಣಿಕೆ ಮುಗಿದ ಮೇಲೆ ಮನೆಗೆ ವಾಪಸು ಬರುತ್ತವೆ, ಬಾಣಂತನ ಮುಗಿಸಿ ತವರಿಂದ ಬರುವ ಹೆಂಗಸರ ಹಾಗೆ. ಕಳೆದ ವಾರ ನಾನೂ ನನ್ನ ಕೋವಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿಕೊಂಡು ಅರಕಲಗೂಡು ಠಾಣೆಗೆ ಹೋಗಿದ್ದೆ. ಮೇಜಿನ ಹಿಂದೆ ಹೊಸದಾಗಿ ವರ್ಗವಾಗಿ ಬಂದ ಪೇದೆ ಕೂತಿದ್ದರು. ನಂಬರು ನೋಡಿದರು, ನಳಿಗೆ ಮಡಚಿ ಒಳಗೆ ಕಣ್ಣಿಟ್ಟು ನೋಡಿದರು, ಆಮೇಲೆ ಮೂಗಿಟ್ಟರು.

"ಏನಮ್ಮಾ ಇದು, ಕೋವಿ ಊದುಬತ್ತಿ ವಾಸ್ನೆ ಒಡೀತದೆ?"

"ಅದು ಅಂಗೇ ಸಾ. ಎಷ್ಟು ತೊಳುದ್ರೂ ಓಗಲ್ಲ."

ಅವರು ರಸೀದಿ ಬರೆಯುತ್ತಾ ಕೇಳಿದರು. "ಹೊಲದ ಮಧ್ಯದ ಮನೆ ಅಂತೀರ. ಎಲೆಕ್ಷನ್ ಮುಗಿಯೋಗಂಟ ಕೋವಿ ಇರಲ್ಲ. ಭಯ ಆಗಲ್ವಾ?"

"ಮೈಕ್ ಐತಲ್ಲ ಸಾ. ಅದನ್ನೂ ತಂದು ಇಡಿ ಅಂತ ಆರ್ಡರ್ ಬಂದಿಲ್ವಲ್ಲ?"

ಪೇದೆ ನನ್ನ ಮುಖವನ್ನೇ ನೋಡಿದರು. ಪಕ್ಕದ ಮೇಜಿನ ಹಳೇ ರೈಟರು ಮಾತ್ರ ಪೆನ್ನು ಕೆಳಗಿಟ್ಟು ನಗತೊಡಗಿದರು. "ಲೇ, ಅವ್ರು ಮೈಕ್ ಗಿರಿಜಮ್ಮ ಕಣ್ಲಾ. ಕುರ್ಚಿ ಆಕು ಮೊದ್ಲು."

ಕುರ್ಚಿ ಹಾಕಿಸಿಕೊಂಡು ಕೂತೆ. ನಾಚಿಕೆಯೇನೂ ಆಗಲಿಲ್ಲ. ವಾಪಸು ಬಸ್ಸಿನಲ್ಲಿ ಕೂತಾಗ ಅಂಗೈಯಲ್ಲಿ ಆ ವಾಸನೆ ಹಾಗೇ ಇತ್ತು, ಕೊಬ್ಬರಿ ಎಣ್ಣೆ, ಕಬ್ಬಿಣ, ಅದರ ಮೇಲೆ ಗಂಧದ ಊದುಬತ್ತಿ. ಮನೆಯ ಸ್ಟಾಪು ಬರುವಷ್ಟರಲ್ಲಿ ನಾನು ಮೈಕ್ ಗಿರಿಜಮ್ಮ ಆದ ಆ ಇಡೀ ವರ್ಷ ಕಣ್ಣ ಮುಂದೆ ಹಾದುಹೋಯಿತು.

ಆ ವರ್ಷದ ಮಾಘದಲ್ಲಿ ನಾವು ರುದ್ರಪಟ್ಟಣದ ರಸ್ತೆಯಲ್ಲಿ, ನಮ್ಮದೇ ಹೊಲದ ನಡುವೆ ಮನೆ ಕಟ್ಟಿ ಒಕ್ಕಲು ಬಂದಿದ್ದೆವು. ಅದಕ್ಕೆ ಮುಂಚೆ ಒಂಬತ್ತು ವರ್ಷ ಅರಕಲಗೂಡು ಪೇಟೆಯ ಮನೆಯಲ್ಲಿ ಮಾವ, ಭಾವ, ಓರಗಿತ್ತಿಯರು ಎಲ್ಲರ ಜೊತೆ ಇದ್ದೆ. ಒಳ್ಳೆಯ ಜನವೇ. ಆದರೆ ನನ್ನ ಹೊಲಿಗೆ ಮಿಷಿನ್ನು ಮೆಟ್ಟಿಲ ಕೆಳಗಿತ್ತು. ಬ್ಲೌಸಿಗೆ ಕಾಜಾ ಹಾಕುವಾಗಲೂ ತಲೆ ಬಗ್ಗಿಸಿಕೊಂಡೇ ಕೂರಬೇಕು, ಯಾರಾದರೂ ಮೆಟ್ಟಿಲಿಳಿದರೆ ಬಟ್ಟೆಯ ಮೇಲೆ ಧೂಳು. ಹೊಸ ಮನೆಯಲ್ಲಿ ಪೂರ್ವದ ಕಿಟಕಿಯಿರುವ ಒಂದು ಕೋಣೆ ನನ್ನ ಮಿಷಿನ್ನಿಗೆಂದೇ ಇತ್ತು. ಮೊದಲ ದಿನ ಅಲ್ಲಿ ಕೂತು ನಾನು ಏನೂ ಹೊಲಿಯಲಿಲ್ಲ. ಸುಮ್ಮನೆ ಪೆಡಲು ತುಳಿದೆ, ಬೆಳಕು ನೋಡಿದೆ, ಅತ್ತುಬಿಟ್ಟೆ.

ಯುಗಾದಿ ಕಳೆದ ಮೇಲೆ ಆ ಸುದ್ದಿ ಬಂತು. ನಮ್ಮ ಮನೆಯಿಂದ ಎರಡು ಮೈಲಿ ಆಚೆ, ನಮ್ಮ ಹಾಗೇ ಹೊಲದ ನಡುವೆ ಮನೆ ಮಾಡಿಕೊಂಡಿದ್ದ ಮೇಷ್ಟ್ರ ಮನೆಗೆ ಹಾಡಹಗಲೇ ಕಳ್ಳರು ನುಗ್ಗಿದ್ದರು. ಮೇಷ್ಟ್ರು ಸ್ಕೂಲಿಗೆ ಹೋಗಿದ್ದರು. ನೀರು ಕೇಳುವ ನೆಪದಲ್ಲಿ ಬಂದವರು ಅವರ ಹೆಂಡತಿಯ ಕೈಕಟ್ಟಿ ಒಡವೆ, ಬೆಳ್ಳಿ, ಬೀರುವಿನಲ್ಲಿದ್ದ ರೇಷ್ಮೆ ಸೀರೆಗಳ ಗಂಟು ಎಲ್ಲ ಒಯ್ದರು. ಹದಿನೈದು ದಿನದಲ್ಲಿ ಗಂಡ ಹೆಂಡತಿ ಮನೆಗೆ ಬೀಗ ಹಾಕಿ ಹೊಳೆನರಸೀಪುರಕ್ಕೆ ಹೋಗಿಬಿಟ್ಟರು. ಬಸ್ಸಿನಲ್ಲಿ ಹೋಗುವಾಗ ಆ ಗೇಟಿನ ಬೀಗವೂ ಒಣಗಿದ ತುಳಸಿಯೂ ಕಾಣುತ್ತಿದ್ದವು.

ಕಳ್ಳತನವಾದ ಮಾರನೆಯ ದಿನವೇ ಮಾವ ನಮ್ಮಲ್ಲಿಗೆ ಬಂದಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಆಡಿದ್ದೇ ಆರ್ಡರು. ಜಗಲಿ ಮೇಲೆ ಕೂರಲೂ ಇಲ್ಲ. ಜೇಬಿನಿಂದ ಒಂದು ದಪ್ಪ ಹಿತ್ತಾಳೆ ಬೀಗ ತೆಗೆದು ಕಟ್ಟೆಯ ಮೇಲಿಟ್ಟರು.

"ಇದನ್ನ ಆಕಿ ಪೇಟೆ ಮನೇಗೆ ಬಂದ್ಬುಡಿ. ಹೆಂಗ್ಸು ಒಬ್ಳೇ ಇರೋ ಮನೆ ಕಳ್ರಿಗೆ ಕಜ್ಜಾಯ ಇದ್ದಂಗೆ."

ನಮ್ಮ ಯಜಮಾನರು ಮಹೇಶ್ ಅರಕಲಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟವರು. ಅಂಗಡಿಯಲ್ಲಿ ಊರಿಗೆಲ್ಲ ಬುದ್ಧಿ ಹೇಳುತ್ತಾರೆ, ಅಪ್ಪನ ಮುಂದೆ ನೆಲ ನೋಡುತ್ತಾರೆ. ಅವತ್ತೂ ನೆಲವನ್ನೇ ನೋಡಿದರು. ನಾನು ಬಾಯಿಬಿಟ್ಟೆ.

"ಮಾವಾ, ದೀಪಾವಳಿಗಂಟ ಟೈಮ್ ಕೊಡಿ. ಅಷ್ಟ್ರೊಳಗೆ ಈ ಮನೆ ಕಾಯೋಕೆ ನನ್ ಕೈಲಿ ಆಗಲ್ಲ ಅಂತ ನಿಮ್ಗನ್ಸುದ್ರೆ, ನಾನೇ ಬೀಗ ಆಕಿ ಕೀ ತಂದು ನಿಮ್ ಕೈಗೆ ಕೊಡ್ತೀನಿ."

ಮಾವ ನನ್ನನ್ನು ಅಳತೆ ಮಾಡುವವರ ಹಾಗೆ ನೋಡಿದರು. "ಬೀಗ ಇಲ್ಲೇ ಇರ್ಲಿ" ಎಂದು ಬಸ್ಸು ಹಿಡಿದರು. ನಾನದನ್ನು ಮಿಷಿನ್ನಿನ ಡ್ರಾಯರಿನಲ್ಲಿ, ದಾರದ ಉಂಡೆಗಳ ಜೊತೆ ಹಾಕಿಟ್ಟೆ. ದಾರ ತೆಗೆದಾಗಲೆಲ್ಲ ಕಣ್ಣಿಗೆ ಬೀಳಲಿ ಎಂದೇ ಹಾಗೆ ಇಟ್ಟದ್ದು.

ಎರಡು ದಿನದಲ್ಲಿ ಮಾವ ಬೀಗದ ಜೊತೆಗೆ ಇನ್ನೊಂದನ್ನೂ ಕಳಿಸಿದರು. ಅದು ರಂಗೇಗೌಡರು. ನಮ್ಮ ಪಕ್ಕದ ಹೊಲದವರು, ಮಿಲಿಟರಿಯಲ್ಲಿ ಹವಾಲ್ದಾರರಾಗಿ ರಿಟೈರ್ ಆಗಿ ಬಂದು ಮುಸುಕಿನ ಜೋಳ, ಹೊಗೆಸೊಪ್ಪು ಬೆಳೆಯುತ್ತಿದ್ದರು. ಮಾವನಿಗೆ ಹಳೇ ಗೆಳೆಯ. ಬಂದವರೇ ಕಾಫಿ ಕುಡಿದು ಲೋಟ ಕೆಳಗಿಟ್ಟರು.

"ಕಳ್ಳಿ ಆಗವ್ವಾ."

"ಏನಂದ್ರಿ?"

"ನಿನ್ ಮನೇನ ನೀನೇ ಕದಿ. ನಾನು ಎಲ್ಲಾ ಬಾಗ್ಲೂ ಆಕ್ಕೊಂಡು ಒಳ್ಗೆ ಕೂತಿರ್ತೀನಿ. ಎಂಗೆ ಬತ್ತೀಯೋ ಬಾ."

ಸೆರಗು ಸಿಕ್ಕಿಸಿಕೊಂಡು ಹೊರಗೆ ನಿಂತೆ. ನನ್ನ ಮನೆಯನ್ನು ಅವತ್ತೇ ಮೊದಲ ಸಲ ಕಳ್ಳರ ಕಣ್ಣಿನಿಂದ ನೋಡಿದ್ದು. ಸಂಪಿನ ಪಕ್ಕ ಏಣಿ ಬಿದ್ದಿತ್ತು, ನಾವೇ ಬಿಟ್ಟದ್ದು. ಹಿಂದಿನ ಬಾಗಿಲ ಬೀಗದ ಕೈ ದೊಡ್ಡಪತ್ರೆ ಕುಂಡದ ಕೆಳಗೆ, ಊರಿಗೆಲ್ಲ ಗೊತ್ತಿರುವ ಜಾಗದಲ್ಲಿ. ಬಚ್ಚಲ ಕಿಟಕಿಯ ಗ್ರಿಲ್ಲಿನ ಸ್ಕ್ರೂ ಹೊರಗಡೆಗೆ. ಒಂದು ಲೋಟ ಕಾಫಿ ಆರುವಷ್ಟು ಹೊತ್ತಿನಲ್ಲಿ ನಾನು ಒಳಗೆ ಬಂದು ರಂಗೇಗೌಡರ ಎದುರು ನಿಂತಿದ್ದೆ. ಅವರು ಗಡಿಯಾರ ನೋಡಿ ತಲೆ ಆಡಿಸಿದರು.

"ನೀನೇ ಇಷ್ಟು ಬಿರ್ನೆ ಬಂದ್ರೆ, ಕಸ್ಬುದಾರ್ರು ಎಷ್ಟು ಬಿರ್ನೆ ಬತ್ತಾರೆ ಯೋಚ್ನೆ ಮಾಡು. ಎಲ್ರೂ ಯಾವ್ ಕೋವಿ ತಗೊಳ್ಳಾನ ಅಂತ ಶುರು ಮಾಡ್ತಾರೆ. ಮೊದ್ಲು ಕಣ್ಣು, ಆಮ್ಯಾಕೆ ಕಿವಿ, ಆಮ್ಯಾಕೆ ಬಾಗ್ಲು, ಆಮ್ಯಾಕೆ ಬಾಯಿ. ಕೋವಿ ಕೊನೇದು ಕಣವ್ವಾ."

ಆ ಮಳೆಗಾಲ ಪೂರ್ತಿ ನಮಗೆ ಅದೇ ಕೆಲಸ. ಮಿಷಿನ್ನನ್ನು ಗೋಡೆ ಕಡೆಯಿಂದ ಗೇಟಿನ ಕಡೆಗೆ ತಿರುಗಿಸಿದೆವು. ಮನೆಯ ಸುತ್ತ ಇಪ್ಪತ್ತು ಮಾರು ಜೋಳ ಬಿತ್ತಲಿಲ್ಲ. ಆಳೆತ್ತರ ಬೆಳೆದ ಜೋಳದೊಳಗೆ ಆನೆ ನಿಂತರೂ ಕಾಣುವುದಿಲ್ಲ ಎಂದು ರಂಗೇಗೌಡರು ಹಟ ಹಿಡಿದರು. ಕಿಟಕಿಗಳ ಕೆಳಗೂ ಹಿತ್ತಿಲಿಗೂ ಜಲ್ಲಿ ಹರಡಿಸಿದರು, ಬೆಕ್ಕು ನಡೆದರೂ ಕರಕರ ಅನ್ನಬೇಕು. ನಾಯಿ ಸಾಕೋಣ ಎಂದು ನಮ್ಮ ಯಜಮಾನರು ಹೇಳಿದ್ದಕ್ಕೆ, "ಜಲ್ಲಿ ಬಿಸ್ಕತ್ ತಿನ್ನಲ್ಲ ಮಹೇಶಪ್ಪ" ಎಂದರು. ಬ್ಲೌಸು ಕೊಡಲು ಬಂದವರು ಯಾರೇ ಆಗಲಿ ಜಗಲಿಯಿಂದ ಒಳಗೆ ಬರಬಾರದು ಎಂಬುದು ಇನ್ನೊಂದು ಕಾನೂನು. ಮೊದಲು ನನಗೆ ಬಹಳ ಕಷ್ಟವಾಯಿತು. ಹೆಣ್ಣುಮಕ್ಕಳನ್ನು ಹೊರಗೇ ಕೂರಿಸಿ ಅಳತೆ ತೆಗೆಯುವುದೆಂದರೇನು? ಕೊನೆಗೆ ಜಗಲಿಗೆ ಒಂದು ಪರದೆ ಹೊಲಿದೆ.

ಇನ್ನು ಬಾಗಿಲು. ಆಪತ್ತು ಬಂದರೆ ಓಡಿ ಹೋಗಿ ಬಾಗಿಲು ಹಾಕಿಕೊಳ್ಳಲು ಒಂದು ಗಟ್ಟಿ ಕೋಣೆ ಬೇಕು ಎಂದು ಗೌಡರು ಮನೆಯೆಲ್ಲ ಬೆರಳಲ್ಲಿ ಬಡಿದು ನೋಡಿದರು. ರೂಮುಗಳ ಬಾಗಿಲೆಲ್ಲ ಪ್ಲೈವುಡ್ಡು, ಒಂದು ಒದೆಗೆ ಸಾಲದು. ದೇವರ ಮನೆಯ ಮುಂದೆ ನಿಂತು ಬಡಿದರು, ಗಂಟೆಗಳು ಗಲಗಲ ಎಂದವು. ಪೇಟೆಯ ಹಳೇ ಮನೆ ಬಿಚ್ಚಿದಾಗ ಉಳಿದಿದ್ದ ತೇಗದಲ್ಲಿ ಮಾವನೇ ಮಾಡಿಸಿ ಕೊಟ್ಟ ಬಾಗಿಲು ಅದು. ಕಿಟಕಿಯಿಲ್ಲ, ಮೇಲೆ ಗಾಳಿಗೊಂದು ಸಣ್ಣ ಕಿಂಡಿ.

"ಇದೇ ನಿನ್ ಬಂಕರು" ಎಂದರು ಗೌಡರು.

ಒಳಗಿನಿಂದ ಚಿಲಕ ಇರಲಿಲ್ಲ. ಬಡಗಿಯನ್ನು ಕರೆಸಿದರೆ ಅವನು ಉಳಿ ಕೆಳಗಿಟ್ಟು ನಿಂತುಬಿಟ್ಟ. "ದೇವ್ರ ಮನೇಗೆ ಒಳ್ಗಿಂದ ಚಿಲ್ಕ ಯಾಕವ್ವಾ? ದೇವ್ರು ಬಾಗ್ಲಾಕ್ಕೊಂಡು ಕೂತ್ಕತದಾ?"

ಅವತ್ತು ಮಾವನೂ ಅಲ್ಲಿದ್ದರು. ರಂಗೇಗೌಡರಿಗೆ ಇನ್ನೊಂದು ಯೋಚನೆ ಬಂದು ಕೆಮ್ಮಿದರು, ಟವೆಲಿನಿಂದ ಮುಖ ಒರೆಸಿಕೊಂಡರು. "ಅಲ್ಲಾ... ತಿಂಗ್ಳಲ್ಲಿ ಮೂರು ದಿನ... ಅವಾಗ ಏನ್ ಮಾಡಾದು?"

ನಾನು ಉತ್ತರ ಹುಡುಕುವಷ್ಟರಲ್ಲಿ ಮಾವ ಹೇಳಿದರು. "ಲಿಂಗ ಕಟ್ದೋರ್ಗೆ ಸೂತ್ಕ ಇಲ್ಲ ಕಣ್ ಗೌಡ. ಎದೆ ಮ್ಯಾಲಿರೋ ದೇವ್ರುನ್ನ ಮೂರು ದಿನ ಎಲ್ಲಿಗ್ ಕಳ್ಸಾನ? ನೀನು ಚಿಲ್ಕ ಒಡೀಲಾ."

ಕೊನೆಯ ಮಾತು ಬಡಗಿಗೆ. ಅವನು ಒಂದಲ್ಲ, ಮೂರು ಚಿಲಕ ಹೊಡೆದ. ಒಂಬತ್ತು ವರ್ಷದಲ್ಲಿ ನನಗೆ ಮಾವನ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ ಮೊದಲು.

ಬಾಯಿಯನ್ನು ಹುಡುಕಿದ್ದು ನಾನೇ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ಲು ಮಳೆ ಬಂದರೆ ಇಲ್ಲ, ಗಾಳಿ ಬೀಸಿದರೆ ಅರ್ಧ. ಗೊಬ್ಬರದ ಅಂಗಡಿಯಲ್ಲಿ, ಆಟೋದ ಮೇಲೆ ಕಟ್ಟಿ ಪ್ರಚಾರ ಮಾಡುತ್ತಿದ್ದ ಮೈಕ್ ಸೆಟ್ಟು ಮೂಲೆಗೆ ಬಿದ್ದಿತ್ತು. ಅದನ್ನು ಮನೆಗೆ ತರಿಸಿದೆ. ಹಾರ್ನು ತಾರಸಿಯ ಮೇಲೆ, ಮೈಕು ದೇವರ ಮನೆಯಲ್ಲಿ ನಂದಾದೀಪದ ಪಕ್ಕ. ಕರೆಂಟನ್ನು ನಂಬಬೇಡ ಎಂದು ಗೌಡರು ಅದಕ್ಕೆ ಟ್ರ್ಯಾಕ್ಟರಿನ ಹಳೇ ಬ್ಯಾಟರಿ ಕೊಡಿಸಿದರು. ಏನು ಕೂಗಬೇಕು ಎಂಬುದನ್ನೂ ಬಾಯಿಪಾಠ ಮಾಡಿಸಿದರು. ಯಾರು ಮಾತಾಡುತ್ತಿರುವುದು, ಕಳ್ಳರು ಎಷ್ಟು ಜನ, ಎಲ್ಲಿದ್ದಾರೆ, ನಾನೆಲ್ಲಿದ್ದೇನೆ. "ಅಯ್ಯೋ ಅಮ್ಮಾ ಅಂತ ಕಿರುಚ್ಬ್ಯಾಡ. ಅದ್ರಿಂದ ಯಾರ್ಗೂ ದಾರಿ ಗೊತ್ತಾಗಲ್ಲ."

ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಮೈಕ್ ಟೆಸ್ಟು. ಕಳೆ ಕೀಳುವ ಹೆಂಗಸರು ಹೊಲದಿಂದಲೇ ಕೂಗುತ್ತಿದ್ದರು, "ಗಿರಿಜಕ್ಕಾ, ನನ್ ಬ್ಲೌಸ್ ಆಯ್ತಾ ಅಂತ ಅದ್ರಲ್ಲೇ ಯೋಳಕ್ಕಾ!" ಒಂದು ಸಲ ಹೇಳಿಯೂಬಿಟ್ಟೆ. ಗೌಡರು ಬಂದು ಬೈದರು, ಬೇಡದಾಗ ಕೂಗಿದರೆ ಬೇಕಾದಾಗ ಯಾರೂ ಬರುವುದಿಲ್ಲ ಎಂದು.

ಕೊನೆಗೆ ಕೋವಿ. ನಾನು, ನಮ್ಮ ಯಜಮಾನರು, ಮಾವ ಮೂವರೂ ಹಾಸನಕ್ಕೆ, ಕೋವಿ ಅಂಗಡಿಗೆ ಹೋದೆವು. ನಮ್ಮ ಯಜಮಾನರಿಗೆ ಪಿಸ್ತೂಲಿನ ಮೇಲೆ ಕಣ್ಣು. ಅಂಗಡಿಯ ವಯಸ್ಸಾದ ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು, ಮನೆಯಲ್ಲಿ ಇರುವವರು ಯಾರು? ನಾನು ಎಂದೆ. ಹಾಗಾದರೆ ನೀವು ಹಿಡಿದು ನೋಡಿ ಎಂದರು.

"ಪಿಸ್ತೂಲು ಸೊಂಟದಲ್ಲಿದ್ದರೆ ಚೆನ್ನಾಗಿ ಕಾಣ್ತದೆ ತಾಯಿ. ಅಭ್ಯಾಸ ಇಲ್ಲದ ಕೈಲಿ ಗೋಡೆಗೆ ತೂತು ಮಾಡ್ತದೆ, ಅಷ್ಟೇ. ಲೈಸೆನ್ಸೂ ಸುಲಭಕ್ಕೆ ಸಿಗಲ್ಲ."

ಜೋಡಿ ನಳಿಗೆಯದನ್ನು ಕೊಟ್ಟರು. ತೋಳು ಸೋತುಹೋಯಿತು. ಮನೆಯಲ್ಲಿ ಏನಿದೆ ಎಂದು ಕೇಳಿದರು. ಮಾವನ ತಾತನ ಕಾಲದ ಒಂಟಿ ನಳಿಗೆಯ ಕೋವಿ ಇತ್ತು, ಬೆಳೆಗೆ ಬರುವ ಹಂದಿ ಓಡಿಸಲು ಲೈಸೆನ್ಸು ಪಡೆದದ್ದು. ಅದನ್ನೇ ತನ್ನಿ, ಗೊತ್ತಿರುವ ಕೋವಿಯೇ ಒಳ್ಳೆಯ ಕೋವಿ ಎಂದರು. ಮುಂದಿನ ವಾರ ಒಯ್ದಾಗ ನನ್ನ ಭುಜಕ್ಕೆ ಇಟ್ಟು ನೋಡಿ, ಹಿಂಬದಿಯ ಮರ ಒಂದೂವರೆ ಇಂಚು ಉದ್ದವಾಯಿತು, ಕೊಯ್ಯಬೇಕು ಎಂದರು. ನನಗೆ ತಕ್ಷಣ ಅರ್ಥವಾಯಿತು. ಅತ್ತೆಯ ಬ್ಲೌಸನ್ನು ಸೊಸೆ ಹಾಗೇ ಹಾಕಿಕೊಳ್ಳಲು ಆಗುತ್ತದೆಯೇ? ಮಾವನ ಮುಖ ಮಾತ್ರ ಸಣ್ಣದಾಯಿತು. ತಾತ ಹಿಡಿದ ಮರ. ಅದರ ಮೇಲೊಮ್ಮೆ ಕೈಯಾಡಿಸಿ, "ಕುಯ್ರಿ" ಎಂದರು.

ಲೈಸೆನ್ಸನ್ನು ಮಗನ ಹೆಸರಿಗಲ್ಲ, ಸೊಸೆಯ ಹೆಸರಿಗೆ ಮಾಡಿಸಬೇಕು ಎಂದದ್ದೂ ಅವರೇ. ಅರ್ಜಿ, ಪೊಲೀಸ್ ವಿಚಾರಣೆ, ಡಾಕ್ಟರ ಸರ್ಟಿಫಿಕೇಟು, ತರಬೇತಿ, ಹಾಸನಕ್ಕೆ ನಾಲ್ಕಾರು ಸಲ ಓಡಾಟ. ಮಹಾನವಮಿಗೆ ಹದಿನೈದು ದಿನ ಮುಂಚೆ ನನ್ನ ಹೆಸರಿನ ಲೈಸೆನ್ಸು ಬಂತು. ಚನ್ನರಾಯಪಟ್ಟಣದ ನಮ್ಮ ತವರಿನಿಂದ ಬಂದ ಗಾಣದ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ. ಕೋವಿ ದೇವರ ಮನೆಯ ಬೀರುವಿನಲ್ಲಿ, ತೋಟಾ ಬೇರೆ ಡಬ್ಬಿಯಲ್ಲಿ, ಎರಡಕ್ಕೂ ಬೀಗ. ಗೌಡರ ಪಾಠ ಮೂರೇ. ಕೈಗೆ ತಗೊಂಡ ತಕ್ಷಣ ನಳಿಗೆ ಮಡಚಿ, ಒಳಗೆ ಬೆಳಕು ಹಾಯುತ್ತದಾ ನೋಡು. ಕಳ್ಳರನ್ನು ಹುಡುಕಿಕೊಂಡು ಮನೆಯೊಳಗೆ ಓಡಾಡಬೇಡ, ಬಾಗಿಲ ಕಡೆ ಮುಖ ಮಾಡಿ ಕೂತುಕೋ. ಬಾಗಿಲು ಮುರಿದು ನಿನ್ನ ಮೇಲೆ ಬಂದರೆ ಮಾತ್ರ, ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಗುಂಡು ಹೊಡಿ. "ಬೆಳ್ಳಿ ಚೊಂಬಿಗೆ ಯಾರ್ ಪ್ರಾಣಾನೂ ತಗೀಬಾರ್ದು ಕಣವ್ವಾ."

ಹಬ್ಬಕ್ಕೆ ಮುಂಚೆ ನನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ನೂಕುನುಗ್ಗಲಿನಲ್ಲಿ ಒಬ್ಬ ಅಪರಿಚಿತ ಹೆಂಗಸು ಬ್ಲೌಸ್ ಪೀಸು ತಂದಳು. ಹಬ್ಬಕ್ಕೆ ಬೇಕಾ ಎಂದರೆ, "ಇಲ್ಲಕ್ಕಾ, ಹಬ್ಬ ಆದ್ಮೇಲೆ ಬತ್ತೀನಿ" ಎಂದಳು. ಯಾವ ಹೆಂಗಸು ಹೀಗೆ ಹೇಳುತ್ತಾಳೆ? ಪರದೆಯ ಸಂದಿಯಿಂದ ಒಳಗೇ ಇಣುಕುತ್ತಿದ್ದಳು. ಸೋಮವಾರ ಬಾ ಎಂದು ಕಳಿಸಿ ಅಳತೆಗೆಂದು ಅವಳು ಕೊಟ್ಟ ಬ್ಲೌಸು ಬಿಡಿಸಿದೆ. ಭುಜ ಅವಳದ್ದಲ್ಲ, ಎರಡಿಂಚು ಸಣ್ಣದು. ಒಳಮಗ್ಗುಲು ತಿರುಗಿಸಿದೆ. ಎಡ ಕಂಕುಳ ಹೊಲಿಗೆ ಮುಗಿಯುವಲ್ಲಿ ಮೂರು ಅಡ್ಡ ಹೊಲಿಗೆ. ಅದು ನಮ್ಮಮ್ಮ ಕಲಿಸಿದ ಗುರುತು, ನಾನು ಹೊಲಿದ ಪ್ರತಿ ಬ್ಲೌಸಿನಲ್ಲೂ ಹಾಕುತ್ತೇನೆ. ಆ ಹಸಿರು ರೇಷ್ಮೆ ಬ್ಲೌಸನ್ನು ಪೇಟೆಯ ಮೆಟ್ಟಿಲ ಕೆಳಗೆ ಕೂತು ನಾನೇ ಹೊಲಿದಿದ್ದೆ, ಮೇಷ್ಟ್ರ ಹೆಂಡತಿಗೆ. ಕದ್ದ ಗಂಟಿನಿಂದ ತೆಗೆದು, ನನ್ನ ಹೊಲಿಗೆಯನ್ನೇ ನನಗೆ ಅಳತೆಗೆ ಕೊಟ್ಟು ಹೋಗಿದ್ದಳು ಪುಣ್ಯಾತ್ಗಿತ್ತಿ.

ಗೌಡರನ್ನು ಕರೆದುಕೊಂಡು ಠಾಣೆಗೆ ಹೋಗಿ ಹೇಳಿದೆ. ಸೋಮವಾರ ಬೆಳಿಗ್ಗೆಯಿಂದಲೇ ಮಫ್ತಿಯಲ್ಲಿ ಬಂದು ಕೂತಿರುತ್ತೇವೆ ಎಂದರು. ಎಲ್ಲ ಸರಿಯಾಗಿತ್ತು.

ಆಯುಧಪೂಜೆಯ ದಿನ ಮಾವ ಬಂದು ತಾವೇ ಪೂಜೆ ಮಾಡಿದರು. ಮಿಷಿನ್ನು, ಕತ್ತರಿ, ಬೈಕು, ಮೈಕು ಎಲ್ಲಕ್ಕೂ ವಿಭೂತಿ, ಹೂವು. ಕೋವಿಯನ್ನು ಮಣೆಯ ಮೇಲೆ ನೆಟ್ಟಗೆ ಒರಗಿಸಿ ನಿಲ್ಲಿಸಿದ್ದರು. ನಾನು ಅಡುಗೆ ಮನೆಯಲ್ಲಿದ್ದೆ. ವಿಜಯದಶಮಿ ಕಳೆಯುವವರೆಗೆ ಪೂಜೆಗಿಟ್ಟ ಆಯುಧ ಮುಟ್ಟಬಾರದು. ಆಮೇಲೆ ಹೂವು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೆಳಕು ನೋಡಲಿಲ್ಲ. ಹಬ್ಬದ ಪಾತ್ರೆ ರಾಶಿ ಬಿದ್ದಿತ್ತು.

ಅವಳು ಸೋಮವಾರ ಬರಲಿಲ್ಲ. ಎರಡು ದಿನ ಮುಂಚೆಯೇ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬಂದಳು.

ಕಡು ಬಿಸಿಲು. ಸುತ್ತಲ ಹೊಲಗಳಲ್ಲಿ ಜೋಳ ಮುರಿಯುತ್ತಿದ್ದರು. ಮಿಷಿನ್ನಿನಲ್ಲಿ ಕೂತಿದ್ದ ನನಗೆ ಗೇಟಿನಲ್ಲಿ ಅವಳು ಕಂಡಳು. "ಅಕ್ಕಾ, ಬ್ಲೌಸ್ ಆಯ್ತಾ?" ನಾನು ಪೆಡಲು ನಿಲ್ಲಿಸಿದೆ. ಆ ನಿಶ್ಶಬ್ದದಲ್ಲಿ ಹಿತ್ತಿಲ ಜಲ್ಲಿ ಕರಕರ ಎಂದಿತು. ಒಂದು ಜೊತೆ ಕಾಲಲ್ಲ, ಎರಡು ಜೊತೆ. ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನಿಧಾನವಾಗಿ ನಿಂತಿತು. ಫ್ಯೂಸು ಕಿತ್ತಿದ್ದರು.

"ಇರವ್ವಾ, ತತ್ತೀನಿ" ಎಂದೆ. ನನ್ನ ಸ್ವರ ನನಗೇ ಬೇರೆಯವರದ್ದರಂತೆ ಕೇಳಿತು. ಮುಂಬಾಗಿಲ ಅಗುಳಿ ಹಾಕಿದೆ, ದೇವರ ಮನೆಗೆ ಓಡಿದೆ, ಗಂಟೆಗಳು ಗಲಗಲ ಎನ್ನುತ್ತಿದ್ದಂತೆ ತೇಗದ ಬಾಗಿಲಿಗೆ ಮೂರು ಚಿಲಕವನ್ನೂ ಜಡಿದೆ. ಬೀರು ತೆಗೆದು ಕೋವಿ ತಗೊಂಡೆ. ಪಾಠದಂತೆ ನಳಿಗೆ ಮಡಚಿ ಕಿಂಡಿಯ ಕಡೆ ಹಿಡಿದು ಕಣ್ಣಿಟ್ಟೆ.

ಕತ್ತಲು.

ಮತ್ತೆ ನೋಡಿದೆ. ಬೆಳಕಿನ ಚುಕ್ಕೆಯೂ ಇಲ್ಲ. ಗಮ್ಮೆಂದು ಗಂಧದ ವಾಸನೆ ಬಂತು. ನಳಿಗೆಯ ಬಾಯಿಗೆ ಬೆರಳು ಹಾಕಿದರೆ ಅಂಟಂಟು, ಊದುಬತ್ತಿಯ ಕಡ್ಡಿಗಳ ಬುಡ ಚುಚ್ಚಿತು. ಪೂಜೆ ಮಾಡುವಾಗ ಊದುಬತ್ತಿ ನಿಲ್ಲಿಸಲು ಮಾವನಿಗೆ ಕೋವಿಯ ಬಾಯಿ ಅನುಕೂಲವಾಗಿ ಕಂಡಿದೆ. ಅಲ್ಲಾಡದಿರಲಿ ಎಂದು ಬಾಳೆಹಣ್ಣು ಮುರಿದು ತುರುಕಿದ್ದಾರೆ. ಹಾಗೇ ತೋಟಾ ಹಾಕಿ ಹೊಡೆದಿದ್ದರೆ ನಳಿಗೆ ನನ್ನ ಮುಖದ ಮುಂದೆಯೇ ಸಿಡಿಯುತ್ತಿತ್ತು. ಆ ಹೊತ್ತಿನಲ್ಲೂ ನನಗೆ ನಗು ಬಂತೆಂದರೆ ನೀವು ನಂಬಬೇಕು.

ತೋಟಾ ಡಬ್ಬಿಯನ್ನು ಮುಟ್ಟಲಿಲ್ಲ. ಖಾಲಿ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಬ್ಯಾಟರಿ ಸ್ವಿಚ್ ಹಾಕಿದೆ. ತಾರಸಿಯ ಹಾರ್ನು ಕೀಂ ಎಂದಿತು.

"ರಂಗೇಗೌಡ್ರೇ, ಗಿರಿಜಾ ಮಾತಾಡ್ತಾ ಇವ್ನಿ. ಮನೇಗೆ ಕಳ್ರು ನುಗ್ಗವ್ರೆ. ಗೇಟಲ್ಲಿ ಒಬ್ಳು, ಹಿತ್ಲಲ್ಲಿ ಇಬ್ರು. ನಾನು ದೇವ್ರ ಮನೇಲಿ ಬಾಗ್ಲಾಕ್ಕೊಂಡಿವ್ನಿ. ಎಲ್ರೂ ಬನ್ನಿ!"

ಹೊಲದ ಮೇಲೆ ನನ್ನ ಮಾತು ಹೋಗಿ ಮರಳಿ ಬಂತು. ಎರಡನೆಯ ಸಲ ಹೇಳುವಾಗ ಸ್ವರ ನನ್ನದೇ ಆಗಿತ್ತು. ಮೂರನೆಯ ಸಲಕ್ಕೆ ಹುಮ್ಮಸ್ಸೇ ಬಂದುಬಿಟ್ಟಿತು. ಹಿಂಬಾಗಿಲು ಧಡ್ ಎಂದದ್ದು ಕೇಳಿ ಕಳ್ಳರನ್ನೇ ಮಾತಾಡಿಸಿದೆ. "ಏಯ್, ಒಳ್ಗೆ ಬರೋರು ಸ್ವಲ್ಪ ಇದನ್ನ ಕೇಳುಸ್ಕೊಂಡು ಬನ್ರಪ್ಪ!" ಮೈಕಿನ ಬಾಯಿಗೆ ಕೋವಿ ಹಿಡಿದು ನಳಿಗೆ ಮುಚ್ಚಿದೆ. ಖಟಕ್ ಎಂಬ ಶಬ್ದ ಹಾರ್ನಿನಲ್ಲಿ ಸಿಡಿಲಿನಂತೆ ಹೋಯಿತು. ಹಿಂಬಾಗಿಲಿನ ಸದ್ದು ನಿಂತಿತು, ಜಲ್ಲಿಯ ಮೇಲೆ ಓಡುವ ಸದ್ದು ಶುರುವಾಯಿತು.

ಆಮೇಲಿನದು ಹೊರಗಿದ್ದವರು ಹೇಳಿದ್ದು. ಮೂರು ಕಡೆಯ ಹೊಲಗಳಿಂದ ಜೋಳ ಮುರಿಯುತ್ತಿದ್ದ ಮೂವತ್ತು ಜನ ಕುಡುಗೋಲು ಹಿಡಿದು ಓಡಿ ಬಂದರಂತೆ. ಮುಂದೆ ರಂಗೇಗೌಡರು, ಕೈಯಲ್ಲಿ ಬರೀ ದೊಣ್ಣೆ. ಬ್ಲೌಸಿನವಳನ್ನು ಹೆಂಗಸರು ಗೇಟಿನಲ್ಲೇ ಸುತ್ತುವರಿದರು. ಒಬ್ಬ ಕಾಂಪೌಂಡು ದಾಟಲು ನುಗ್ಗೆಮರ ಹತ್ತಿದ. ನುಗ್ಗೆಮರ ಯಾರ ಭಾರ ತಡೆಯುತ್ತದೆ? ಕೊಂಬೆ ಸಮೇತ ಜಲ್ಲಿಯ ಮೇಲೆ ಬಿದ್ದ. ಇನ್ನೊಬ್ಬ ಬಯಲಲ್ಲಿ ಓಡಿದ, ಅಡಗಿಕೊಳ್ಳಲು ಸುತ್ತ ಜೋಳವೇ ಇಲ್ಲ. "ಯಾರೂ ಕೈ ಮಾಡ್ಬ್ಯಾಡಿ, ಕೂರ್ಸಿ!" ಎಂದು ಗೌಡರು ಪೆರೇಡಿನಲ್ಲಿ ಕೂಗಿದಂತೆ ಕೂಗಿ, ಮೂವರನ್ನೂ ಸಾಲಾಗಿ ಕೂರಿಸಿದರು. ಆಮೇಲೆ ದೇವರ ಮನೆಯ ಬಾಗಿಲು ತಟ್ಟಿದರು.

"ಗೆದ್ಬುಟ್ಟೆ ಕಣವ್ವಾ, ಬಾ ಈಚ್ಗೆ."

ಪೊಲೀಸರು ಬರುವ ಮುಂಚೆ ನಾನು ಅವಳ ಮುಂದೆ ಹಸಿರು ಬ್ಲೌಸು ಬಿಡಿಸಿ ಹಿಡಿದೆ. "ಅಳ್ತೆ ತಪ್ಪಿತ್ತು ಕಣವ್ವಾ." ಮೇಷ್ಟ್ರ ಮನೆಯ ಒಡವೆಯಲ್ಲಿ ಮುಕ್ಕಾಲು ಭಾಗ ಆ ಬ್ಲೌಸಿನ ಜಾಡಿನಲ್ಲೇ ಸಿಕ್ಕಿತು.

ಸಂಜೆ ಮಾವ ಬಂದರು. ಕೋವಿಯನ್ನು ಮಡಚಿ ಅವರ ಕೈಗೆ ಕೊಟ್ಟೆ. ಕಣ್ಣಿಟ್ಟು ನೋಡಿದರು, ವಾಸನೆ ನೋಡಿದರು. ಕಣ್ಣಲ್ಲಿ ನೀರಿತ್ತು. ಕಡ್ಡಿಗೆ ಬಟ್ಟೆ ಸುತ್ತಿ, ಕತ್ತಲಾಗುವವರೆಗೂ ನಳಿಗೆ ತಿಕ್ಕಿದರು. ವಾಸನೆ ಹೋಗಲಿಲ್ಲ.

ದೀಪಾವಳಿಯ ದಿನ ಬೆಳಿಗ್ಗೆ ಪೇಟೆಯ ಮನೆಯವರೆಲ್ಲ ನಮ್ಮಲ್ಲಿಗೆ ಬಂದರು. ನಾನು ಕಜ್ಜಾಯ ಕರಿಯುತ್ತಿದ್ದೆ. ಮಾವ ಪೂಜೆ ಮುಗಿಸಿ ದೇವರ ಮನೆಯಿಂದಲೇ ಕೂಗಿದರು, "ಗಿರಿಜಾ, ಇದನ್ನ ಎಲ್ಲಿ ಒತ್ತಬೇಕಮ್ಮಾ?" ಕೈ ಒರೆಸಿಕೊಂಡು ಹೋಗಿ ಮೈಕಿನ ಸ್ವಿಚ್ ಹಾಕಿದೆ. ಅವರು ಮೈಕನ್ನು ಎರಡು ಕೈಯಲ್ಲಿ ಹಿಡಿದು ಕಿರುಚಿದರು.

"ಹಲೋ! ನಾನು ಗೊಬ್ಬರದಂಗ್ಡಿ ಮಹೇಶನ ಅಪ್ಪ ಕಣ್ರಪ್ಪಾ. ಕೋವಿ ಬಾಯಿಗೆ ಬಾಳೆಹಣ್ಣು ತುರ್ಕಿದ್ದು ನಾನೇ. ಈ ಮನೇಗೆ ಬೀಗ ಆಕುಸ್ತೀನಿ ಅಂದಿದ್ದೂ ನಾನೇ. ಎರ್ಡೂ ತಪ್ಪು. ನನ್ ಸೊಸೆ ಗೆದ್ಲು. ಕಜ್ಜಾಯ ಮಾಡವ್ಳೆ. ಕಳ್ರಿಗಲ್ಲ, ನಿಮ್ಗೆ. ಎಲ್ರೂ ಬನ್ನಿ!"

ಹೊಲದ ಕಡೆಯಿಂದ ಯಾರೋ ಓ ಎಂದರು, ಇನ್ನೊಂದು ಕಡೆಯಿಂದ ಶಿಳ್ಳೆ ಕೇಳಿತು. ಕಜ್ಜಾಯದ ಹಿಟ್ಟು ಮಧ್ಯಾಹ್ನಕ್ಕೇ ಮುಗಿಯಿತು, ಗೇಟಿನ ಬಳಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಸಂಜೆ ಎಲ್ಲರೂ ಹೊರಟ ಮೇಲೆ ಮಾವ ನನ್ನ ಮಿಷಿನ್ನಿನ ಹತ್ತಿರ ಬಂದರು. ಡ್ರಾಯರು ತೆಗೆದು ದಾರದ ಉಂಡೆಗಳ ನಡುವೆ ಕೈಯಾಡಿಸಿ ಹಿತ್ತಾಳೆಯ ಬೀಗ ಹೊರಗೆ ತೆಗೆದರು.

"ಅಂಗ್ಡಿ ಗೋಡೌನಿಗೆ ಒಂದು ಬೀಗ ಬೇಕಾಗಿತ್ತು" ಎಂದು ಅದನ್ನು ಜೇಬಿಗೆ ಹಾಕಿಕೊಂಡು ಬಸ್ಸಿಗೆ ಹೊರಟರು.